ಗೋಡೆಗೆ ದಂಡ, ಕಾಗದಕ್ಕೆ ಬೆಲೆ: ಬೀದಿಚಿತ್ರ ಗ್ಯಾಲರಿಗೆ ಹೋದಾಗ ಏನೇನು ಬದಲಾಗುತ್ತದೆ?

ಲಂಡನ್ನಿನ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್ ಕಟ್ಟಡದ ಹೊರಗೋಡೆಯಲ್ಲಿ 2025ರ ಸೆಪ್ಟೆಂಬರ್ 8ರಂದು ಬೀದಿ ಕಲಾವಿದ ಬ್ಯಾಂಕ್ಸಿಯ ಚಿತ್ರವೊಂದು ಕಾಣಿಸಿಕೊಂಡಿತು. ನೆಲಕ್ಕೆ ಬಿದ್ದ ಪ್ರತಿಭಟನಕಾರನ ಮೇಲೆ ಸುತ್ತಿಗೆ ಎತ್ತಿದ ನ್ಯಾಯಾಧೀಶನ ಚಿತ್ರ ಅದು. ಕೂಡಲೇ ಅದನ್ನು ಮರೆಮಾಡಿದರು, ಎರಡು ದಿನದಲ್ಲಿ ಉಜ್ಜಿ ಅಳಿಸತೊಡಗಿದರು, ಆಸ್ತಿಹಾನಿಯ ದೂರು ಪೊಲೀಸರಿಗೂ ಹೋಯಿತು. ಇದೇ ಕಲಾವಿದನ ಇನ್ನೊಂದು ಕೃತಿ 2018ರಲ್ಲಿ ಲಂಡನ್ನಿನ ಹರಾಜಿನಲ್ಲಿ 10.4 ಲಕ್ಷ ಪೌಂಡಿಗೆ ಬಿಕರಿಯಾಗಿತ್ತು. ಬಿಕರಿಯಾದ ಕ್ಷಣದಲ್ಲೇ ಚೌಕಟ್ಟಿನೊಳಗೆ ಅಡಗಿಸಿಟ್ಟ ಯಂತ್ರ ಅದನ್ನು ಅರ್ಧ ಸೀಳಿಹಾಕಿತು. ಹರಿದ ಸ್ಥಿತಿಯಲ್ಲೇ 2021ರಲ್ಲಿ ಅದು 1.85 ಕೋಟಿ ಪೌಂಡಿಗೂ ಮೇಲೆ ಹೋಯಿತು.

ಒಬ್ಬನೇ ಕಲಾವಿದ, ಒಂದೇ ಶೈಲಿ. ಒಂದು ಕಡೆ ದೂರು, ಇನ್ನೊಂದು ಕಡೆ ಕೋಟಿ. ಕಾರವಾರ, ಶಿರಸಿಯಂಥ ಊರುಗಳಲ್ಲೂ ಇದರ ಸಣ್ಣ ಅವತಾರಗಳಿವೆ. ನಗರಸಭೆಯೇ ದುಡ್ಡು ಕೊಟ್ಟು ಕಂಪೌಂಡಿಗೆ ಯಕ್ಷಗಾನದ ಮುಖ, ಮೀನು, ದೋಣಿ ಬರೆಸುತ್ತದೆ. ಪಕ್ಕದ ಸೇತುವೆಯ ಕಂಬಕ್ಕೆ ಹುಡುಗರು ರಾತ್ರಿ ಸ್ಪ್ರೇ ಹೊಡೆದರೆ ಅದೇ ನಗರಸಭೆ ಸುಣ್ಣ ಬಳಿಸುತ್ತದೆ. ಆ ಹುಡುಗರಲ್ಲೊಬ್ಬ ನಾಲ್ಕು ವರ್ಷ ಬಿಟ್ಟು ಪಣಜಿಯಲ್ಲೋ ಬೆಂಗಳೂರಲ್ಲೋ ಅದೇ ಗೆರೆಗಳ ಅಮೂರ್ತ ಪ್ರಿಂಟ್‌ಗಳಿಗೆ ಗಾಜು ಹಾಕಿಸಿ, ಆರು ಸಾವಿರಕ್ಕೊಂದರಂತೆ ಮಾರಿದರೆ ಊರಿನವರು ತಲೆ ಕೆರೆದುಕೊಳ್ಳುವುದು ಸಹಜ.

ಗೋಡೆ, ಅದರ ಮೇಲಿನ ಚಿತ್ರ, ಆ ಚಿತ್ರವನ್ನು ಮತ್ತೆ ಬಳಸುವ ಹಕ್ಕು: ಈ ಮೂರನ್ನೂ ಒಂದೇ ಎಂದುಕೊಂಡಷ್ಟು ಕಾಲ ಈ ಗೊಂದಲ ಬಗೆಹರಿಯುವುದಿಲ್ಲ. ಮೂರಕ್ಕೂ ಮೂವರು ಯಜಮಾನರಿರಬಹುದು. ಗ್ಯಾಲರಿ ಮಾರುವುದು ಇದರಲ್ಲಿ ಗೋಡೆಯನ್ನಂತೂ ಅಲ್ಲ.

ರೈಲಿನಿಂದ ಗ್ಯಾಲರಿಗೆ, ಅಲ್ಲಿಂದ ಮತ್ತೆ ಹೊರಗೆ

ಈ ದಾರಿ ಬ್ಯಾಂಕ್ಸಿಯಿಂದ ಶುರುವಾದದ್ದಲ್ಲ. ನ್ಯೂಯಾರ್ಕಿನಲ್ಲಿ ರೈಲು ಬೋಗಿಗಳ ಮೇಲೆ ಹೆಸರು ಬರೆಯುತ್ತಿದ್ದ ಹುಡುಗರನ್ನು ಕೂಡಿಸಿ 1972ರಲ್ಲೇ ಯುನೈಟೆಡ್ ಗ್ರಾಫಿಟಿ ಆರ್ಟಿಸ್ಟ್ಸ್ ಎಂಬ ಗುಂಪು ಕಟ್ಟಲಾಗಿತ್ತು. ಮರುವರ್ಷವೇ ಅವರ ಕೆಲಸ ಗ್ಯಾಲರಿಯಲ್ಲಿ ಪ್ರದರ್ಶನ ಕಂಡಿತು. 1983ರ ಡಿಸೆಂಬರಿನಲ್ಲಿ ಸಿಡ್ನಿ ಜಾನಿಸ್‌ನಂಥ ಹಳೆಯ, ಪ್ರತಿಷ್ಠಿತ ಗ್ಯಾಲರಿ ‘ಪೋಸ್ಟ್-ಗ್ರಾಫಿಟಿ’ ಹೆಸರಿನಲ್ಲಿ ಪ್ರದರ್ಶನ ಇಟ್ಟಿತು. ಆಮೇಲೆ ಕೆಲವೇ ವರ್ಷಗಳಲ್ಲಿ ಕೊಳ್ಳುವವರ ಉತ್ಸಾಹ ಇಳಿಯಿತು. 1989ರ ಮೇ ಹೊತ್ತಿಗೆ ನ್ಯೂಯಾರ್ಕಿನ ಸಾರಿಗೆ ಸಂಸ್ಥೆ ಗ್ರಾಫಿಟಿ ಇದ್ದ ಕೊನೆಯ ರೈಲನ್ನೂ ಹಳಿಯಿಂದ ತೆಗೆಯಿತು. ಬಾಸ್ಕಿಯಾ, ಕೀತ್ ಹೇರಿಂಗ್ ಥರದ ಕೆಲವರ ಹೆಸರು ಉಳಿಯಿತು, ಬಹುಪಾಲು ಜನ ಬೇರೆ ಕೆಲಸ ಹುಡುಕಿಕೊಂಡರು. ಒಮ್ಮೆ ಗ್ಯಾಲರಿಯ ಬಾಗಿಲು ದಾಟಿದರೆ ಜೀವನ ನಡೆದಂತೆಯೇ ಎಂದು ನಂಬುವವರು ಈ ಹದಿನೇಳು ವರ್ಷದ ಚರಿತ್ರೆಯನ್ನು ನೋಡಬೇಕು.

ಅಕ್ಷರ ಕರಗಿ ಅಮೂರ್ತವಾಗುವುದೇಕೆ?

ಗ್ರಾಫಿಟಿಯ ಮೂಲ ಹೆಸರು ಬರೆಯುವುದರಲ್ಲಿದೆ. ಹೆಸರು ದೊಡ್ಡದಾಗಬೇಕು, ಬೇರೆಯವರ ಹೆಸರಿಗಿಂತ ಕಣ್ಣಿಗೆ ಹೊಡೆಯಬೇಕು ಎಂಬ ಪೈಪೋಟಿಯಲ್ಲಿ ಅಕ್ಷರಗಳು ತಿರುಚಿಕೊಂಡವು, ಒಂದರೊಳಗೊಂದು ಹೆಣೆದುಕೊಂಡವು. ಒಂದು ಹಂತದ ಮೇಲೆ ಗುಂಪಿನವರ ಹೊರತು ಬೇರೆ ಯಾರಿಗೂ ಓದಲು ಬರದಂತಾದವು. ಫ್ಯೂಚುರಾ 2000 ಎಂಬ ಹೆಸರಿನ ಕಲಾವಿದ 1980ರಲ್ಲಿ ಇಡೀ ಬೋಗಿಯೊಂದಕ್ಕೆ ಬರೆದ ‘ಬ್ರೇಕ್’ ಈ ತಿರುವಿನ ಗುರುತು. ಅಲ್ಲಿ ಅಕ್ಷರ ಹಿಂದೆ ಸರಿದು, ಬಣ್ಣದ ಮೋಡ ಮತ್ತು ತೆಳು ಗೆರೆಗಳೇ ಬೋಗಿಯನ್ನು ತುಂಬಿದ್ದವು.

ಬೀದಿಯಿಂದ ಬಂದವರ ಪ್ರಿಂಟ್‌ಗಳು ಹೆಚ್ಚಾಗಿ ಅಮೂರ್ತವಾಗಿರಲು ಇದೊಂದು ಕಾರಣ. ಇನ್ನೊಂದು ವ್ಯವಹಾರದ್ದು. ಓದಿಸಿಕೊಳ್ಳುವ ಹೆಸರು ಒಂದು ಓಣಿಗೆ ಅರ್ಥವಾದೀತು, ಆಕಾರ ಮತ್ತು ಬಣ್ಣ ಯಾವ ಊರಿನ ಕೊಳ್ಳುಗನಿಗೂ ಒಪ್ಪೀತು. ಮೂರನೆಯದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ: ಗೋಡೆಯ ಮೇಲಿನ ಸಹಿ ಎಂದರೆ ಪೊಲೀಸರ ಕೈಗೆ ಸಾಕ್ಷಿ. ಅದೇ ಸಹಿಯನ್ನು ಪ್ರಿಂಟಿನಲ್ಲಿ ನಿಚ್ಚಳವಾಗಿ ಮೂಡಿಸಿದರೆ ಹಳೆಯ ಗೋಡೆಗಳ ಲೆಕ್ಕವನ್ನೂ ತಾನೇ ಒಪ್ಪಿಕೊಂಡ ಹಾಗೆ.

ಕನ್ನಡದ ಹುಡುಗರಿಗೆ ಇಲ್ಲಿ ಅನುಕೂಲವಿದೆ. ತಲೆಕಟ್ಟು, ಕೊಂಬು, ಒತ್ತಕ್ಷರಗಳ ದುಂಡು ತಿರುವುಗಳನ್ನು ಬಿಡಿಸಿ ಎಳೆದರೆ ನೇರ ಗೆರೆಯ ರೋಮನ್ ಅಕ್ಷರಕ್ಕೆ ಇಲ್ಲದ ಲಯ ತಾನಾಗಿಯೇ ಬರುತ್ತದೆ. ಬೈತಖೋಲ ಬಂದರಿನ ದೋಣಿಗಳ ಮೂತಿಗೆ ಹೆಸರು ಬರೆಯುವ ಪೇಂಟರುಗಳ ಕೈಯಲ್ಲಿ ಈ ಲಯ ಮೊದಲಿನಿಂದಲೂ ಇದೆ.

ನಮ್ಮ ಗೋಡೆಗಳು ಮೊದಲೇ ಕಾಗದಕ್ಕೆ ಬಂದಿವೆ

ಗೋಡೆಯ ಕಲೆ ಚೌಕಟ್ಟಿಗೆ ಬರುವುದು ಉತ್ತರ ಕನ್ನಡಕ್ಕೆ ಹೊಸದೇನೂ ಅಲ್ಲ. ಶಿರಸಿ, ಸಿದ್ದಾಪುರ, ಸಾಗರ ಸೀಮೆಯಲ್ಲಿ ದೀವರ ಹೆಣ್ಣುಮಕ್ಕಳು ಮದುವೆಗೆ ಹಸೆಗೋಡೆಯ ಮೇಲೆ ಬರೆಯುತ್ತಿದ್ದ ಚಿತ್ತಾರ ಇವತ್ತು ಕಾಗದ, ಬಟ್ಟೆ, ಕ್ಯಾನ್ವಾಸಿನ ಮೇಲೆ ಮಾರಾಟವಾಗುತ್ತಿದೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಕಾಗದಕ್ಕೆ ಬಂದಾಗ ಹಿಟ್ಟಿನ ಬಿಳಿ ಉದುರುತ್ತದೆಂದು ಎಷ್ಟೋ ಜನ ಅಕ್ರಿಲಿಕ್‌ಗೆ ಬದಲಾದರು. ಬಾಳಿಕೆ ಬಂತು, ಆ ಒರಟು ಮೈ ಹೋಯಿತು. ಮದುವೆ ಮುಗಿದ ಮೇಲೆ ಮಾಸಿಹೋಗಬೇಕಾದ್ದು ಈಗ ಇಪ್ಪತ್ತು ವರ್ಷ ಹಾಲ್‌ನಲ್ಲಿ ತೂಗುತ್ತದೆ. ಗೋಡೆಯ ಮೇಲೆ ಹೆಸರು ಹಾಕದ ಕಲೆಗೆ ಚೌಕಟ್ಟಿನಲ್ಲಿ ಸಹಿ ಬೇಕಾಯಿತು. ಅದು ಬರೆದವಳದ್ದೋ ಮಾರಿಸಿಕೊಟ್ಟ ಸಂಸ್ಥೆಯದ್ದೋ ಎಂಬ ಜಗಳವೂ ಅದರ ಹಿಂದೆಯೇ ಬರುತ್ತದೆ.

ಕರಾವಳಿಯ ಕಾವಿ ಕಲೆಯ ಪಾಠ ಬೇರೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲೂ ಇದ್ದ ಈ ಕಲೆಯಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬೆರೆತ ತೆಳುಪದರ ಕೊಟ್ಟು, ಅದು ಹಸಿ ಇರುವಾಗಲೇ ‘ಕಂಠ’ ಎಂಬ ಉಕ್ಕಿನ ಮೊನೆಯಿಂದ ಕೆರೆಯುತ್ತಾರೆ. ಕೆರೆದಲ್ಲಿ ಕೆಳಗಿನ ಬಿಳಿ ಕಾಣುತ್ತದೆ. ಬಣ್ಣ ಗಾರೆಯ ಒಳಗೇ ಇರುವುದರಿಂದ ಸಿಪ್ಪೆ ಏಳುವ ಪ್ರಶ್ನೆಯಿಲ್ಲ. ಆದರೆ ಅದೇ ಕಾರಣಕ್ಕೆ ಅದನ್ನು ಗೋಡೆಯಿಂದ ಬಿಡಿಸಿ ತೆಗೆಯಲೂ ಆಗದು. ಜೀರ್ಣೋದ್ಧಾರದ ಹೆಸರಲ್ಲಿ ಗೋಡೆ ಕೆಡವಿದರೆ ಕಲೆಯೂ ಅದರ ಜೊತೆಗೇ ಹೋಯಿತು.

ಪ್ರಿಂಟ್ ಎಂದರೆ ಗೋಡೆಯ ಫೋಟೊ ಅಲ್ಲ

ಗ್ಯಾಲರಿಯ ಬೆಲೆ ಅರ್ಥವಾಗಬೇಕಾದರೆ ಪ್ರಿಂಟ್ ತಯಾರಾಗುವ ಬಗೆ ತಿಳಿದಿರಬೇಕು. ಗೋಡೆಯ ಫೋಟೊ ತೆಗೆದು ಇಂಕ್‌ಜೆಟ್‌ನಲ್ಲಿ ಒಳ್ಳೆಯ ಕಾಗದಕ್ಕೆ ಹೊಡೆದದ್ದೂ ‘ಆರ್ಟ್ ಪ್ರಿಂಟ್’ ಹೆಸರಿನಲ್ಲಿ ಸಿಗುತ್ತದೆ. ಅದು ಪ್ರತಿ, ಮೂಲವಲ್ಲ. ಕಸ್ಟಮ್ಸ್ ಸುಂಕಪಟ್ಟಿಯ 97ನೇ ಅಧ್ಯಾಯವೇ ಈ ಗೆರೆ ಎಳೆದಿದೆ: ಕಲಾವಿದ ಪೂರ್ತಿ ಕೈಯಿಂದ ಮಾಡಿದ ಅಚ್ಚಿನಿಂದ ನೇರವಾಗಿ ತೆಗೆದದ್ದು ಮಾತ್ರ ಮೂಲ ಪ್ರಿಂಟ್, ಯಾಂತ್ರಿಕ ಅಥವಾ ಫೋಟೊ ವಿಧಾನದ್ದು ಆ ಲೆಕ್ಕಕ್ಕೆ ಬರುವುದಿಲ್ಲ.

ಬೀದಿ ಕಲಾವಿದರಿಗೆ ಒಗ್ಗುವುದು ಸ್ಕ್ರೀನ್ ಪ್ರಿಂಟ್, ಅಂದರೆ ಜಾಲರಿಯ ತೆರೆದ ಭಾಗದಿಂದ ಬಣ್ಣವನ್ನು ಕಾಗದಕ್ಕೆ ಇಳಿಸುವುದು. ಸ್ಟೆನ್ಸಿಲ್ ಕತ್ತರಿಸಿ ಅಭ್ಯಾಸವಿದ್ದವರಿಗೆ ಅದರ ತರ್ಕ ಗೊತ್ತೇ ಇರುತ್ತದೆ. ಮದುವೆ ಕರೆಯೋಲೆ, ಬಟ್ಟೆಚೀಲ ಮುದ್ರಿಸುತ್ತಿದ್ದ ಹಳೆಯ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯವರಿಗಂತೂ ಇದರಲ್ಲಿ ಅರ್ಧ ಕೆಲಸ ಕರಗತ. ನಾಲ್ಕು ಬಣ್ಣದ ಅಮೂರ್ತ ಪ್ರಿಂಟ್ ಎಂದಿಟ್ಟುಕೊಳ್ಳಿ. ಚಿತ್ರವನ್ನು ನಾಲ್ಕು ಪದರವಾಗಿ ಒಡೆದು ಒಂದೊಂದನ್ನೂ ಪಾರದರ್ಶಕ ಫಿಲ್ಮ್ ಮೇಲೆ ಕಪ್ಪಿನಲ್ಲಿ ಬರೆಯಬೇಕು. ಸ್ಪ್ರೇಯ ದೂಳುಚುಕ್ಕೆ ಬೇಕೆಂದರೆ ಕಂಪ್ಯೂಟರಿನ ಚುಕ್ಕೆ ನಂಬುವುದಕ್ಕಿಂತ ಫಿಲ್ಮಿನ ಮೇಲೇ ಕಪ್ಪು ಸ್ಪ್ರೇ ಹೊಡೆಯುವುದು ಒಳ್ಳೆಯದು. ಕೈಯ ದೂರ, ಒತ್ತಡ, ಹರಿದ ಹನಿ ಎಲ್ಲವೂ ಹಾಗೇ ಉಳಿಯುತ್ತವೆ.

ಸೆಂಟಿಮೀಟರಿಗೆ 77ರಿಂದ 90 ಎಳೆಯ ಪಾಲಿಯೆಸ್ಟರ್ ಜಾಲರಿ ಅಗಲ ಬಣ್ಣಕ್ಕೆ ಸಾಕು, ಸಣ್ಣ ಚುಕ್ಕೆಗಳ ಪದರಕ್ಕೆ 120ರದ್ದು ಬೇಕು. ಜಾಲರಿಗೂ ಕಾಗದಕ್ಕೂ ನಡುವೆ ಸುಮಾರು 3 ಮಿಲಿಮೀಟರ್ ಅಂತರ ಇರಬೇಕು. ಬಣ್ಣ ಒತ್ತುವ ರಬ್ಬರ್ ಪಟ್ಟಿಯನ್ನು (ಸ್ಕ್ವೀಜಿ) ಎಳೆದ ತಕ್ಷಣ ಜಾಲರಿ ಕಾಗದವನ್ನು ಬಿಟ್ಟು ಮೇಲೇಳದಿದ್ದರೆ ಅಂಚು ಕದಡುತ್ತದೆ. ಪಕ್ಕಪಕ್ಕದ ಬಣ್ಣಗಳು ಅರ್ಧದಿಂದ ಒಂದು ಮಿಲಿಮೀಟರ್‌ನಷ್ಟು ಒಂದರ ಮೇಲೊಂದು ಹತ್ತುವಂತೆ ಫಿಲ್ಮಿನಲ್ಲೇ ಜಾಗ ಬಿಟ್ಟುಕೊಳ್ಳದಿದ್ದರೆ ನಡುವೆ ಬಿಳಿ ಗೆರೆ ಇಣುಕುವುದು ಖಂಡಿತ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ. 30 ಪ್ರತಿ ಬೇಕೆಂದರೆ 38 ಹಾಳೆಯಾದರೂ ಇಟ್ಟುಕೊಂಡು ಶುರುಮಾಡಬೇಕು, ಪ್ರತಿ ಬಣ್ಣಕ್ಕೂ ಒಂದೆರಡು ಹಾಳೆ ಕೆಡುತ್ತವೆ.

ಕೊನೆಗೆ ಪೆನ್ಸಿಲಿನಲ್ಲಿ ಸಂಖ್ಯೆ ಮತ್ತು ಸಹಿ. 12/30 ಎಂದರೆ ಮೂವತ್ತರಲ್ಲಿ ಹನ್ನೆರಡನೆಯದು. ಇದರ ಹೊರಗೆ ಕಲಾವಿದನಿಗೆಂದು ‘ಎ.ಪಿ.’ (ಆರ್ಟಿಸ್ಟ್ಸ್ ಪ್ರೂಫ್) ಗುರುತಿನ ಕೆಲವು ಪ್ರತಿಗಳಿರುತ್ತವೆ, ಶೇಕಡಾ ಹತ್ತರ ಆಸುಪಾಸು ಎಂಬುದು ರೂಢಿ. ಎ.ಪಿ. ಹೆಸರಿನಲ್ಲಿ ಇನ್ನೂ ಇಪ್ಪತ್ತು ತೆಗೆದು ಹಿಂಬಾಗಿಲಿನಿಂದ ಮಾರುವ ಚಾಳಿಯೂ ಉಂಟು. ಅದು ಮೋಸ, ಬೇರೆ ಹೆಸರಿಲ್ಲ. ಆವೃತ್ತಿ ಮುಗಿದ ಮೇಲೆ ಜಾಲರಿ ತೊಳೆದು, ಫಿಲ್ಮಿಗೆ ಅಡ್ಡಗೀಟು ಹಾಕಿ ಅದರ ಫೋಟೊ ಇಟ್ಟುಕೊಳ್ಳುವುದು ಕೊಳ್ಳುವವನಿಗೆ ಕೊಡುವ ಖಾತರಿ.

ಆರು ಸಾವಿರ ರೂಪಾಯಿ ಎಲ್ಲಿ ಹೋಗುತ್ತದೆ ಎಂಬ ಲೆಕ್ಕಕ್ಕೆ ಒಂದು ಅಂದಾಜು ಹಾಕೋಣ. ಮೂವತ್ತೂ ಮಾರಾಟವಾದರೆ 1,80,000. ಗ್ಯಾಲರಿ ಅರ್ಧ ಹಿಡಿದರೆ ಉಳಿದದ್ದು 90,000. ಹತ್ತಿಯ ನಾರಿನ 300 ಜಿಎಸ್‌ಎಂ ಕಾಗದ, ಜಾಲರಿ, ಬಣ್ಣ, ಸ್ಟುಡಿಯೊ ಬಾಡಿಗೆ ಸೇರಿ 40,000 ಆಯಿತೆಂದರೆ ಕಲಾವಿದನ ಕೈಗೆ 50,000. ಹತ್ತೇ ಮಾರಾಟವಾದರೆ? ಬಂದ 60,000ದಲ್ಲಿ ಗ್ಯಾಲರಿಯ ಪಾಲು ಕಳೆದು 30,000 ಉಳಿಯುತ್ತದೆ, ಖರ್ಚೇ ಹುಟ್ಟುವುದಿಲ್ಲ.

ಮಳೆಗಾಲದ ಲೆಕ್ಕವೇ ಬೇರೆ

ನಗರದ ಸ್ಟುಡಿಯೊಗಳಲ್ಲಿ ಕಲಿತು ಬಂದವರು ಕಾರವಾರದಲ್ಲಿ ಎಡವುವುದು ಇಲ್ಲೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಫಿಲ್ಮಿನ ಚಿತ್ರವನ್ನು ಬೆಳಕಿನಿಂದ ಜಾಲರಿಗೆ ಇಳಿಸಲು ಬಳಿದ ಎಮಲ್ಷನ್ ಎಂಬ ಲೇಪ ಮುಟ್ಟಲು ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿರುತ್ತದೆ. ಅಂಥದ್ದಕ್ಕೆ ಬೆಳಕು ಕೊಟ್ಟರೆ ಅದು ಸರಿಯಾಗಿ ಗಟ್ಟಿಯಾಗದೆ, ತೊಳೆಯುವಾಗ ಸೂಜಿತೂತುಗಳು ಬೀಳುತ್ತವೆ, ಇಲ್ಲವೇ ಇಡೀ ಚಿತ್ರವೇ ಜಾರಿ ಹೋಗುತ್ತದೆ. ಬಚ್ಚಲುಮನೆಯ ಪಕ್ಕ ಫ್ಯಾನ್ ಹಾಕಿ ಒಣಗಿಸಿದರೆ ಒದ್ದೆ ಗಾಳಿಯನ್ನೇ ಸುತ್ತಿಸಿದ ಹಾಗೆ. ಮುಚ್ಚಿದ ಕತ್ತಲೆ ಪೆಟ್ಟಿಗೆಯಲ್ಲಿ ತೇವ ಹೀರುವ ಯಂತ್ರ ಇಟ್ಟು, ಶಾಖ 40 ಡಿಗ್ರಿ ದಾಟದಂತೆ ಒಣಗಿಸುವುದೊಂದೇ ನಂಬಿಕೆಯ ದಾರಿ.

ಕಾಗದದ್ದು ಇನ್ನೊಂದು ತಕರಾರು. ಹತ್ತಿಯ ಕಾಗದ ತೇವ ಕುಡಿದು ಹಿಗ್ಗುತ್ತದೆ. ಬೆಳಿಗ್ಗೆ ಮೊದಲ ಬಣ್ಣ ಹೊಡೆದು, ಮಧ್ಯಾಹ್ನ ಮಳೆ ಸುರಿದ ಮೇಲೆ ಎರಡನೆಯದು ಹೊಡೆದರೆ 76 ಸೆಂಟಿಮೀಟರ್ ಹಾಳೆಯಲ್ಲಿ ಅಂಚು ಒಂದೆರಡು ಮಿಲಿಮೀಟರ್ ಸರಿದಿರುತ್ತದೆ. ಹಾಳೆ ಇಟ್ಟ ಜಾಗ ತಪ್ಪಿತೆಂದು ಮುದ್ರಿಸುವವರು ಮೂಲೆಯ ಗುರುತನ್ನು ಸರಿಸುತ್ತಾ ಕೂರುತ್ತಾರೆ. ಬದಲಾದದ್ದು ಹಾಳೆಯ ಗಾತ್ರವೇ ಎಂದು ಹೊಳೆಯುವಷ್ಟರಲ್ಲಿ ಹತ್ತು ಹಾಳೆ ಹೋಗಿರುತ್ತವೆ. ಮುದ್ರಿಸುವ ಕೋಣೆಯಲ್ಲೇ ಹಾಳೆಗಳನ್ನು ಒಂದು ದಿನ ಬಿಡಿಬಿಡಿಯಾಗಿ ಹರಡಿಟ್ಟು, ಎಲ್ಲ ಬಣ್ಣವನ್ನೂ ಅದೇ ಹವೆಯಲ್ಲಿ ಮುಗಿಸಬೇಕು. ಕರಾವಳಿಯಲ್ಲಿ ಮುದ್ರಿಸುವುದಾದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ತಿಂಗಳುಗಳೇ ಲೇಸು.

ಕೊಂಡವರ ಮನೆಯಲ್ಲಿ ಬೂಷ್ಟು ಕಾಯುತ್ತಿರುತ್ತದೆ. ಗಾಜಿಗೆ ತಾಗಿಸಿ ಚೌಕಟ್ಟು ಹಾಕಿದ ಪ್ರಿಂಟ್ ಒಂದೇ ಮಳೆಗಾಲದಲ್ಲಿ ಗಾಜಿಗೆ ಅಂಟಬಹುದು. ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ ಬೇಕು. ಹಿಂದೆ ಪ್ಲೈವುಡ್ ಬೇಡ, ಅದರ ಆಮ್ಲ ಕಾಗದವನ್ನು ಹಳದಿ ಮಾಡುತ್ತದೆ. ಚಿರೆಕಲ್ಲಿನ ಹೊರಗೋಡೆಗೆ ತೂಗುಹಾಕಲೇಬೇಕಾದರೆ ಚೌಕಟ್ಟಿನ ಹಿಂದಿನ ನಾಲ್ಕು ಮೂಲೆಗೂ ಅರ್ಧ ಸೆಂಟಿಮೀಟರ್ ದಪ್ಪದ ರಬ್ಬರ್ ಗುಂಡಿ ಅಂಟಿಸಿ ಗಾಳಿಗೆ ದಾರಿ ಬಿಡಬೇಕು. ಪ್ರಿಂಟಿಗೆ ಲ್ಯಾಮಿನೇಷನ್ ಮಾಡಿಸಿದರೆ ಅದರ ಬೆಲೆ ಅಲ್ಲಿಗೆ ಮುಗಿಯಿತು.

ಗೋಡೆಯ ಚಿತ್ರಕ್ಕೂ ಶತ್ರು ಇದೇ ನೀರು. ಹೊಸ ಗಾರೆಗೆ 28 ದಿನ ಕೊಡದೆ ಬಣ್ಣ ಹಚ್ಚಿದರೆ ಸಿಮೆಂಟಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ. ಚಿರೆಕಲ್ಲು ಹೀರಿದ ನೀರು ಉಪ್ಪನ್ನು ಹೊತ್ತು ಹೊರಬರುವಾಗ ಬಣ್ಣದ ಪದರವನ್ನೇ ಎತ್ತಿಹಾಕುತ್ತದೆ. ಹಾವಸೆ ಕೆರೆದು, ಗೋಡೆ ಒಣಗಿಸಿ, ಪ್ರೈಮರ್ ಕೊಟ್ಟು ಬರೆದದ್ದೂ ಕಡಲ ದಂಡೆಯಲ್ಲಿ ಕೆಲವು ಮಳೆಗಾಲ ತಡೆದರೆ ಹೆಚ್ಚು. ಕಾಗದದ ಕಡೆಗೆ ಕಲಾವಿದರು ವಾಲುವುದರ ಹಿಂದೆ ಈ ಸರಳ ಕಾರಣವೂ ಇದೆ.

ಕಾನೂನು ಯಾರ ಪರ?

ಅನುಮತಿ ಇಲ್ಲದೆ ಬರೆದರೆ ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್ ಪ್ರಕಾರ ಅದು ಆಸ್ತಿಗೆ ಮಾಡಿದ ಹಾನಿ ಎನಿಸಬಹುದು. ತೆರೆದ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯುವ 1981ರ ಕರ್ನಾಟಕ ಕಾಯ್ದೆ ಜಾರಿಯಿರುವ ಊರುಗಳಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಗೋಡೆಯ ಮಾತು.

ಚಿತ್ರದ ಮಾತು 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿದೆ. ಜನ ಅಂದುಕೊಂಡದ್ದಕ್ಕೆ ತಲೆಕೆಳಗಾದ ಪರಿಣಾಮ ಹುಟ್ಟುವುದು ಇಲ್ಲಿ. 17ನೇ ಸೆಕ್ಷನ್ ಪ್ರಕಾರ, ಒಬ್ಬರು ಹಣ ಕೊಟ್ಟು ಬರೆಸಿದ ವರ್ಣಚಿತ್ರದ ಹಕ್ಕುಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದ್ದು. ಅಂದರೆ ನಗರಸಭೆಯಿಂದ ಸಂಭಾವನೆ ಪಡೆದು ಬಸ್ ನಿಲ್ದಾಣದ ಗೋಡೆಗೆ ಬರೆದ ಕಲಾವಿದ, ಅದೇ ಚಿತ್ರವನ್ನು ಪ್ರಿಂಟ್ ಮಾಡಿ ಮಾರಲು ಹೊರಟರೆ ಕಾನೂನಿನ ಪ್ರಕಾರ ನಗರಸಭೆಯನ್ನೇ ಕೇಳಬೇಕಾದೀತು. ಕದ್ದು ಬರೆದವನಿಗೆ ಈ ಅಡ್ಡಿಯಿಲ್ಲ. ಹಕ್ಕುಸ್ವಾಮ್ಯ ಕಾಯ್ದೆ ಗೋಡೆಯ ಒಡೆಯ ಒಪ್ಪಿದ್ದನೇ ಎಂದು ಕೇಳುವುದಿಲ್ಲ, ಕೃತಿ ಸ್ವಂತದ್ದೇ ಎಂದಷ್ಟೇ ಕೇಳುತ್ತದೆ. ಹಣ ಪಡೆದು ಬರೆದವನ ನಷ್ಟ ಇಲ್ಲಿಗೇ ನಿಲ್ಲುವುದಿಲ್ಲ. ಮೂಲ ವರ್ಣಚಿತ್ರ ಹತ್ತು ಸಾವಿರಕ್ಕಿಂತ ಹೆಚ್ಚಿಗೆ ಮರುಮಾರಾಟವಾದಾಗ ಕಲಾವಿದನಿಗೆ ಶೇಕಡಾ ಹತ್ತರವರೆಗೆ ಪಾಲು ಕೊಡುವ 53ಎ ಸೆಕ್ಷನ್, ಮೊದಲ ಹಕ್ಕುದಾರ ತಾನೇ ಆಗಿದ್ದವನಿಗೆ ಮಾತ್ರ ಅನ್ವಯಿಸುತ್ತದೆ.

ಏನೇ ಆದರೂ ಕಳೆದುಹೋಗದ್ದು 57ನೇ ಸೆಕ್ಷನ್ನಿನ ಹಕ್ಕು: ಕೃತಿ ತನ್ನದೆಂದು ಹೇಳಿಕೊಳ್ಳುವುದು, ಮಾನಹಾನಿಯಾಗುವಂತೆ ವಿರೂಪಗೊಳಿಸಿದರೆ ಪ್ರಶ್ನಿಸುವುದು. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತದ್ದಕ್ಕೆ ದೆಹಲಿ ಹೈಕೋರ್ಟ್ 2005ರಲ್ಲಿ ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು, ಅವಶೇಷಗಳನ್ನು ಕಲಾವಿದನಿಗೆ ಹಿಂದಿರುಗಿಸಲು ಹೇಳಿತು. ಆದರೆ ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್ ಕಟ್ಟಡವನ್ನು 2017ರಲ್ಲಿ ಕೆಡವಿದ ಪ್ರಕರಣದಲ್ಲಿ ಅದೇ ನ್ಯಾಯಾಲಯ 2019ರಲ್ಲಿ, ಮಾಲೀಕ ತನ್ನ ಕಟ್ಟಡ ಕೆಡವುವುದನ್ನು ವಾಸ್ತುಶಿಲ್ಪಿ ತಡೆಯಲಾಗದು ಎಂದಿತು. ಗೋಡೆಚಿತ್ರ ಈ ಎರಡರ ನಡುವೆ ಸಿಕ್ಕಿಕೊಂಡಿದೆ. ಅಮೆರಿಕದಲ್ಲಿ ಇದಕ್ಕೆಂದೇ 1990ರ ಕಾನೂನಿದೆ. ನ್ಯೂಯಾರ್ಕಿನ ಫೈವ್ ಪಾಯಿಂಟ್ಜ್ ಗೋಡೆಗಳಿಗೆ ರಾತ್ರೋರಾತ್ರಿ ಸುಣ್ಣ ಬಳಿಸಿದ ಮಾಲೀಕ 21 ಕಲಾವಿದರಿಗೆ 67.5 ಲಕ್ಷ ಡಾಲರ್ ಕೊಡಬೇಕೆಂದು 2018ರಲ್ಲಿ ತೀರ್ಪಾಯಿತು.

ರಸ್ತೆಬದಿಯ ಚಿತ್ರ ಎಲ್ಲರದ್ದು, ಫೋಟೊ ತೆಗೆದು ಹೇಗೆ ಬೇಕಾದರೂ ಬಳಸಬಹುದು ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಸಾರ್ವಜನಿಕ ಸ್ಥಳದ ಶಿಲ್ಪಗಳ ಚಿತ್ರ ತೆಗೆದು ಪ್ರಕಟಿಸಲು ಕಾಯ್ದೆ ಕೊಡುವ ವಿನಾಯಿತಿಯಲ್ಲಿ ವರ್ಣಚಿತ್ರ ಸೇರಿಲ್ಲ. ಮುಂಬೈಯ ಗೋಡೆಚಿತ್ರವೊಂದನ್ನು ಜಾಹೀರಾತಿಗೆ ಬಳಸಿದ ವಿಮಾ ಕಂಪನಿಯ ವಿರುದ್ಧ 2023ರಲ್ಲಿ ದೆಹಲಿ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿದೆ. ಗೋಕರ್ಣದ ಹೋಂಸ್ಟೇಗಳು ತಮ್ಮ ಬ್ರೋಶರಿಗೆ ಪಕ್ಕದ ಗೋಡೆಯ ಚಿತ್ರ ಹಾಕುವ ಮುನ್ನ ಇದನ್ನು ತಿಳಿದಿರುವುದು ಒಳ್ಳೆಯದು.

ಮಾರಿಕೊಂಡರೋ, ಬದುಕಿಕೊಂಡರೋ?

ಬೀದಿಯ ಕಲೆ ಬೀದಿಯಲ್ಲೇ ಸಾಯಬೇಕು ಎನ್ನುವವರ ಕಟ್ಟಾ ಉದಾಹರಣೆ ಇಟಲಿಯ ಬೀದಿ ಕಲಾವಿದ ಬ್ಲೂ. ಬೊಲೊನ್ಯಾದಲ್ಲಿ ಗೋಡೆಗಳಿಂದ ಕಿತ್ತ ಚಿತ್ರಗಳನ್ನು ಮ್ಯೂಸಿಯಂ ಪ್ರದರ್ಶನಕ್ಕೆ ಇಡಲು ಹೊರಟಾಗ, 2016ರ ಮಾರ್ಚ್‌ನಲ್ಲಿ ಆ ಊರಿನಲ್ಲಿದ್ದ ತನ್ನ ಚಿತ್ರಗಳಿಗೆಲ್ಲ ತಾನೇ ಬೂದು ಬಣ್ಣ ಬಳಿದುಬಿಟ್ಟ. ಎದುರು ವಾದವೂ ಹಗುರವಲ್ಲ: ಗೋಡೆ ಸಂಬಳ ಕೊಡುವುದಿಲ್ಲ, 400 ಮಿ.ಲೀ. ಸ್ಪ್ರೇ ಡಬ್ಬಿ ಒಂದೆರಡು ಚದರ ಮೀಟರಿಗೇ ಖಾಲಿ. ಬ್ಯಾಂಕ್ಸಿಯ ಪರವಾಗಿ ಕೃತಿಗಳಿಗೆ ಪ್ರಮಾಣಪತ್ರ ಕೊಡುವ ಪೆಸ್ಟ್ ಕಂಟ್ರೋಲ್ ಸಂಸ್ಥೆ ಬೀದಿಯ ಚಿತ್ರಗಳಿಗೆ ಪತ್ರ ಕೊಡುವುದೇ ಇಲ್ಲ. ಕಿತ್ತು ತಂದ ಗೋಡೆಗೆ ಮಾರುಕಟ್ಟೆಯಲ್ಲಿ ತೊಡಕು, ಸಂಖ್ಯೆ ಹಾಕಿದ ಪ್ರಿಂಟಿಗೆ ಭರವಸೆ. ಗೋಡೆ ಊರಿಗೆ, ಕಾಗದ ಕೊಳ್ಳುವವನಿಗೆ ಎಂಬ ಈ ವಿಂಗಡಣೆಯೇ ಸದ್ಯಕ್ಕೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಒಂದೇ ಷರತ್ತು: ಗೋಡೆಯ ಚಿತ್ರವನ್ನೇ ಚಿಕ್ಕದು ಮಾಡಿ ಮಾರದೆ, ಕಾಗದಕ್ಕೆಂದೇ ಬೇರೆ ಕೆಲಸ ಮಾಡಬೇಕು.

ನಮ್ಮ ಊರುಗಳಲ್ಲಿ ಮುಂದೇನು?

ಪ್ರವಾಸೋದ್ಯಮ, ಸ್ವಚ್ಛತಾ ಅಭಿಯಾನದ ದುಡ್ಡಿನಲ್ಲಿ ಕರಾವಳಿಯ ಗೋಡೆಗಳಿಗೆ ಬಣ್ಣ ಹೆಚ್ಚುತ್ತಲೇ ಹೋಗುತ್ತದೆ. ಅದರಲ್ಲಿ ಪಳಗಿದ ಹುಡುಗ ಹುಡುಗಿಯರು ಪ್ರಿಂಟ್ ಕಡೆಗೂ ಬರುತ್ತಾರೆ. ಆಗ ಜಗಳ ಹುಟ್ಟುವುದು ಕಲೆಯ ಗುಣಮಟ್ಟದ ಮೇಲಲ್ಲ, ಕೆಲಸದ ಆದೇಶದ ಮೇಲೆ. ಇಂಥ ಆದೇಶಗಳು ಸಾಮಾನ್ಯವಾಗಿ ಚದರಡಿಗೆ ಇಷ್ಟು ಎಂಬ ದರ, ಮುಗಿಸುವ ದಿನಾಂಕ, ಬಿಲ್ಲಿನ ವಿವರ ಇಷ್ಟಕ್ಕೇ ನಿಲ್ಲುತ್ತವೆ. ಹಕ್ಕಿನ ಮಾತೇ ಇರದ ಕಾಗದ 17ನೇ ಸೆಕ್ಷನ್ ಪ್ರಕಾರ ದುಡ್ಡು ಕೊಟ್ಟವರ ಪರ ನಿಲ್ಲುತ್ತದೆ. ಹಕ್ಕುಸ್ವಾಮ್ಯ ಕಲಾವಿದನದ್ದು, ಪ್ರಚಾರಕ್ಕೆ ಫೋಟೊ ಬಳಸಲು ನಗರಸಭೆಗೆ ಇಷ್ಟು ವರ್ಷ ಅವಕಾಶ, ಚಿತ್ರ ಅಳಿಸುವ ಮುನ್ನ 30 ದಿನದ ನೋಟಿಸ್ ಎಂಬ ಮೂರು ಸಾಲನ್ನು ಗೋಡೆಗೆ ಪ್ರೈಮರ್ ಹಚ್ಚುವ ಮೊದಲೇ ಬರೆಸಿ, ಇಬ್ಬರೂ ಸಹಿ ಹಾಕಿಕೊಳ್ಳಬೇಕು. ಅವಕಾಶ ಕೊಡುವಾಗ ಅವಧಿ ಬರೆಯದೆ ಬಿಟ್ಟರೆ ಕಾಯ್ದೆ ಅದನ್ನು ಐದು ವರ್ಷ ಎಂದೇ ಓದಿಕೊಳ್ಳುತ್ತದೆ.